ಕೈಗಾರಿಕೆಗಾರರ ಅಹವಾಲೂ ಸರಕಾರದ ಕಿವಿಯೂ

ಬಾಯಿದ್ದವನು ಬರಗಾಲದಲ್ಲಿಯೂ ಬದುಕುವನೆಂಬುದು ನಮ್ಮ ಹಳ್ಳಿಗರ ಹಳೆಯ ಮಾತು. ರಾಜ್ಯಭಾರದ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯವಾಗಿದೆ. ಪ್ರತಿವರ್ಷವೂ ಆಯವ್ಯಯ ಪತ್ರವು ಸಿದ್ಧವಾಗುವ ಕಾಲಕ್ಕೆ ವಿಧಾನಸೌಧದ ಮೆಟ್ಟಿಲುಗಳನ್ನು ನಿಯೋಗದ ಹಿಂದೆ ನಿಯೋಗವು ಏರುತ್ತದೆ. ಮರುದಿನ ಪತ್ರಿಕೆಗಳಲ್ಲಿ ಒಂದು ಭಾವಚಿತ್ರವು ಕಾಣಿಸಿಕೊಳ್ಳುತ್ತದೆ. ಮಂತ್ರಿಗಳು ಮನವಿಪತ್ರವನ್ನು ಸ್ವೀಕರಿಸುತ್ತಿದ್ದಾರೆ, ಸಂಘದ ಅಧ್ಯಕ್ಷರು ಮುಗುಳುನಗುತ್ತಿದ್ದಾರೆ. ವಾಚಕರು ಅದನ್ನು ನೋಡಿ ಪುಟವನ್ನು ಮಗುಚುತ್ತಾರೆ. ಆದರೆ ಆ ಕಾಗದದಲ್ಲಿ ಬರೆದದ್ದೇನು, ಅದನ್ನು ಬರೆದವರಾರು, ಅದರಿಂದ ಯಾರಿಗೆ ಲಾಭವಾಯಿತು, ಆ ಲಾಭದ ಹೊರೆಯು ಯಾರ ಹೆಗಲ ಮೇಲೆ ಬಿದ್ದಿತು ಎಂಬುದನ್ನು ವಿಚಾರಿಸುವವರು ವಿರಳ. ಇಂದು ಆ ವಿಚಾರವನ್ನು ಕೈಗೆತ್ತಿಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸುವೆವು. ಕೈಗಾರಿಕೆಗಾರರು ಸಂಘ ಕಟ್ಟಿಕೊಂಡು ಸರಕಾರದೆದುರು ತಮ್ಮ ಕಷ್ಟವನ್ನು ತೋಡಿಕೊಳ್ಳುವುದು ದೋಷವಲ್ಲ. ಅದು ನಮ್ಮ ನಾಡಿಗೆ ಹೊಸದೂ ಅಲ್ಲ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲುರವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ರೈತರ ಜೊತೆಗೆ ವರ್ತಕರನ್ನೂ ಕರೆಯಲಾಗಿತ್ತು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತು. ೧೯೧೧ರಲ್ಲಿ ಸೇರಿದ ಆರ್ಥಿಕ ಸಮ್ಮೇಳನವು ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಪ್ರತ್ಯೇಕ ಸಮಿತಿಯನ್ನೇ ಹೊಂದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ, ಅವರ ಪ್ರೇರಣೆಯಿಂದಲೇ ಮೈಸೂರು ವಾಣಿಜ್ಯ ಮಂಡಲಿಯು ಹುಟ್ಟಿತು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲವು ಅದೇ. ಉತ್ತರ ಭಾಗದಲ್ಲಿ ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯು ೧೯೨೮ರಿಂದ ನಡೆದು ಬಂದಿದೆ. ಸಣ್ಣ ಕೈಗಾರಿಕೆಗಾರರು ೧೯೪೯ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅದನ್ನೇ ಇಂದು ನಾವು ಕಾಸಿಯಾ ಎಂದು ಕರೆಯುವುದು. ಅಂದರೆ ಸರಕಾರವೇ ಕೈಹಿಡಿದು ಬೆಳೆಸಿದ ಬಾಯಿ ಇದು. ಅದು ಮಾತಾಡಿತೆಂದು ಇಂದು ಬೇಸರಪಡುವುದು ನ್ಯಾಯವಲ್ಲ.

ಈ ಮಾತು ಅಗತ್ಯವಾದದ್ದೇಕೆ ಎಂಬುದನ್ನು ತಿಳಿಯಬೇಕಾದರೆ ಪೀಣ್ಯದಂಥ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪನ್ನು ನೆನೆದುಕೊಳ್ಳಬೇಕು. ಎರಡು ಲೇತ್ ಯಂತ್ರ, ಒಂದು ಡ್ರಿಲ್ಲಿಂಗ್ ಯಂತ್ರ, ಐದಾರು ಜನ ಕೆಲಸಗಾರರು. ಯಜಮಾನನೂ ಮೈಗೆ ಎಣ್ಣೆಮಸಿ ಬಳಿದುಕೊಂಡು ನಿಂತಿರುತ್ತಾನೆ. ವಿದ್ಯುತ್ತಿನ ದರ ಏರಿದರೆ ಅವನು ಯಾರನ್ನು ಕೇಳಬೇಕು? ಮಳೆಗಾಲದಲ್ಲಿ ಅಂಗಡಿಯೆದುರಿನ ರಸ್ತೆ ಕೆರೆಯಾದರೆ ಯಾವ ಕಚೇರಿಗೆ ಹೋಗಬೇಕು? ಅವನೊಬ್ಬನೇ ಸಚಿವಾಲಯಕ್ಕೆ ಹೋದರೆ ಬಾಗಿಲ ಜವಾನನನ್ನು ದಾಟುವುದರೊಳಗೆ ಒಂದು ದಿನದ ದುಡಿಮೆ ಹಾಳಾಗುತ್ತದೆ. ಅಂಥವರು ಸಾವಿರ ಮಂದಿ ಚಂದಾ ಕೊಟ್ಟು ಒಂದು ಸಂಘ ಮಾಡಿಕೊಂಡರೆ ಆ ಸಂಘದ ಪತ್ರಕ್ಕೆ ಉತ್ತರ ಬರುತ್ತದೆ. ಸಂಘದ ಬಲದ ಗುಟ್ಟು ಇಷ್ಟೇ.

ಇನ್ನು ಕಾರ್ಯಕ್ರಮದ ರೀತಿ. ಮೊದಲು ಸದಸ್ಯರ ದೂರುಗಳು ಸಂಘದ ಕಚೇರಿಗೆ ಬರುತ್ತವೆ. ವಿದ್ಯುಚ್ಛಕ್ತಿಗೆ ಒಂದು ಸಮಿತಿ, ತೆರಿಗೆಗೆ ಒಂದು, ಕಾರ್ಮಿಕ ಕಾನೂನಿಗೆ ಒಂದು, ಹೀಗೆ ಉಪಸಮಿತಿಗಳು ಅವುಗಳನ್ನು ಸೋಸುತ್ತವೆ. ಒಬ್ಬನ ಗೋಳನ್ನು ಎಲ್ಲರ ಬೇಡಿಕೆಯಾಗಿ ಬರೆಯುವುದು ಮನವಿಪತ್ರದ ಕಲೆ. ಬಲ್ಲವರು ಅದರಲ್ಲಿ ಕಣ್ಣೀರಿಗಿಂತ ಅಂಕಿಗಳನ್ನು ಹೆಚ್ಚಾಗಿ ತುಂಬುತ್ತಾರೆ. ನೆರೆರಾಜ್ಯದಲ್ಲಿ ದರವೆಷ್ಟು, ನಮ್ಮಲ್ಲಿ ಎಷ್ಟು ಎಂಬ ಹೋಲಿಕೆಯನ್ನು ಮುಂದಿಡುತ್ತಾರೆ. ಕೈಗಾರಿಕೆಯು ಹೊಸೂರಿಗೆ ಹೋದೀತೆಂಬ ಒಂದು ಮಾತು ಬೆಂಗಳೂರಿನ ಮಂತ್ರಿಗಳ ಮನಸ್ಸನ್ನು ಹತ್ತು ಪುಟದ ವಾದಕ್ಕಿಂತ ಬೇಗ ಕಲಕುತ್ತದೆ.

ಆಮೇಲೆ ಯಾವ ಬಾಗಿಲನ್ನು ತಟ್ಟಬೇಕೆಂಬ ಪ್ರಶ್ನೆ. ತೆರಿಗೆಯಾದರೆ ಮುಖ್ಯಮಂತ್ರಿಗಳ ಆಯವ್ಯಯಪೂರ್ವ ಸಭೆ. ಜಮೀನಾದರೆ ೧೯೬೬ರ ಕಾಯಿದೆಯಿಂದ ಹುಟ್ಟಿದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ವಿದ್ಯುತ್ತಿನ ದರವಾದರೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅನುಭವಿಗಳು ಹೇಳುವಂತೆ ಮಂತ್ರಿಗಳ ಭಾವಚಿತ್ರಕ್ಕಿಂತ ಅಧೀನ ಕಾರ್ಯದರ್ಶಿಗಳ ಟಿಪ್ಪಣಿಯೇ ಹೆಚ್ಚು ಬೆಲೆಯುಳ್ಳದ್ದು. ಕಡತವು ಎಲ್ಲಿ ಮಲಗಿದೆಯೆಂದು ತಿಳಿದು ಅದನ್ನು ಎಬ್ಬಿಸಿ ನಡೆಸುವವನೇ ಸಂಘದ ನಿಜವಾದ ಕಾರ್ಯದರ್ಶಿ.

ಇದಕ್ಕೆ ಇತ್ತೀಚಿನ ಉತ್ತಮ ನಿದರ್ಶನವು ೨೦೨೩ರ ವಿದ್ಯುತ್ ದರದ ಪ್ರಕರಣ. ಆ ವರ್ಷ ಮೇ ೧೨ರಂದು ಆಯೋಗವು ಯೂನಿಟ್ಟಿಗೆ ಸರಾಸರಿ ೭೦ ಪೈಸೆಯಂತೆ ದರವನ್ನು ಏರಿಸಿತು. ಅದು ಏಪ್ರಿಲ್ ೧ರಿಂದಲೇ ಅನ್ವಯವಾದುದರಿಂದ ಜೂನ್ ತಿಂಗಳ ಬಿಲ್ಲಿನಲ್ಲಿ ಹಿಂಬಾಕಿಯೂ ಸೇರಿ ಬಂದಿತು. ಸಣ್ಣ ಕೈಗಾರಿಕೆಗಾರರು ಬಿಲ್ಲನ್ನು ಕಂಡು ತಬ್ಬಿಬ್ಬಾದರು. ಜೂನ್ ೨೨ರಂದು ಕೆಲಸವನ್ನು ನಿಲ್ಲಿಸಿ ಪ್ರತಿಭಟಿಸಬೇಕೆಂದು ಹುಬ್ಬಳ್ಳಿಯ ಸಂಸ್ಥೆಯು ಕರೆ ಕೊಟ್ಟಿತು. ಶತಮಾನದಷ್ಟು ಹಳೆಯದಾದ ಒಂದು ವರ್ತಕ ಸಂಸ್ಥೆಯು ಮನವಿಪತ್ರವನ್ನು ಬದಿಗಿಟ್ಟು ಬೀದಿಗಿಳಿಯಿತೆಂದರೆ ಬಿಸಿ ಎಷ್ಟು ತಟ್ಟಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯಂತೆ ದರವನ್ನು ಗೊತ್ತುಪಡಿಸುವುದು ಆಯೋಗ, ಮಂತ್ರಿಗಳಲ್ಲ. ಕಂಪನಿಗಳ ಅರ್ಜಿಯನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆಯೇ ಆಯೋಗವು ತೀರ್ಪು ಕೊಡತಕ್ಕದ್ದು. ಸರಕಾರದ ಕೈಯಲ್ಲಿರುವುದು ವಿದ್ಯುತ್ತಿನ ಮೇಲಿನ ತೆರಿಗೆ ಮತ್ತು ಸಹಾಯಧನ. ಆದುದರಿಂದಲೇ ಸಂಘಗಳು ಸರಕಾರದ ಮುಂದಿಟ್ಟ ಬೇಡಿಕೆಗಳಲ್ಲಿ, ಆಗ ನೂರಕ್ಕೆ ೯ರಷ್ಟಿದ್ದ ತೆರಿಗೆಯನ್ನು ಇಳಿಸಬೇಕೆಂಬುದು ಮುಖ್ಯವಾಗಿತ್ತು. ಮುಂದಿನ ವರ್ಷ, ೨೦೨೪ರ ಫೆಬ್ರುವರಿಯಲ್ಲಿ, ಆಯೋಗವು ಕೈಗಾರಿಕೆಗಳೂ ಸೇರಿದಂತೆ ಹಲವು ವರ್ಗಗಳ ಬಳಕೆಯ ದರವನ್ನು ಇಳಿಸಿತು. ಇದು ಪ್ರತಿಭಟನೆಯ ಫಲವೆಂದು ಹೇಳಲು ನಾವು ಸಿದ್ಧರಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿದ್ದವರ ವಾದವು ಯಾವ ತೀರ್ಪಿನಲ್ಲಿಯೂ ಸೇರುವುದಿಲ್ಲವೆಂಬುದಂತೂ ನಿಶ್ಚಯ. ದರದ ಈ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಉಚಿತವಾಗಿ ವಿದ್ಯುತ್ ಪಡೆಯುವ ರೈತನೂ ಇದ್ದಾನೆ, ಬಡವರ ಮನೆಯ ದೀಪವೂ ಇದೆ. ಒಬ್ಬರ ಬಿಲ್ಲು ಇಳಿದರೆ ಇನ್ನೊಬ್ಬರದು ಏರಬೇಕು, ಇಲ್ಲವೇ ಬೊಕ್ಕಸ ಬರಿದಾಗಬೇಕು. ಈ ಲೆಕ್ಕವು ಬಹಿರಂಗವಾಗಿ, ಆಯೋಗದೆದುರು, ಎಲ್ಲರೂ ಕೇಳುವಂತೆ ನಡೆಯುವುದೇ ಈ ವ್ಯವಸ್ಥೆಯ ದೊಡ್ಡ ಗುಣ.

ಬಹಿರಂಗವಲ್ಲದ ಮಾತಿನ ಪರಿಣಾಮವೇನೆಂಬುದಕ್ಕೆ ಎರಡನೆಯ ನಿದರ್ಶನವಿದೆ. ಇದು ಕನ್ನಡಿಗರೆಲ್ಲರ ಮನಸ್ಸಿಗೆ ನಾಟುವಂಥದು. ನಾಡಿನ ಉದ್ಯೋಗಗಳಲ್ಲಿ ಕನ್ನಡಿಗರಿಗೆ ಪ್ರಾಶಸ್ತ್ಯ ದೊರೆಯಬೇಕೆಂದು ಸರೋಜಿನಿ ಮಹಿಷಿಯವರ ಸಮಿತಿಯು ೧೯೮೬ರಲ್ಲಿಯೇ ವರದಿ ಕೊಟ್ಟಿತ್ತು. ಸುಮಾರು ನಾಲ್ಕು ದಶಕಗಳ ತರುವಾಯ, ೨೦೨೪ರ ಜುಲೈ ೧೫ರಂದು, ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ ೫೦, ಇತರ ಹುದ್ದೆಗಳಲ್ಲಿ ನೂರಕ್ಕೆ ೭೦ ಸ್ಥಳೀಯರಿಗೆ ಮೀಸಲೆಂಬ ಮಸೂದೆಗೆ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಮತ್ತು ಅವರ ಸಂಸ್ಥೆಗಳಿಂದ ವಿರೋಧವು ಭುಗಿಲೆದ್ದಿತು. ಕಂಪನಿಗಳು ಬೇರೆ ರಾಜ್ಯಕ್ಕೆ ಹೋದಾವೆಂಬ ಎಚ್ಚರಿಕೆಯೂ ಕೇಳಿಬಂದಿತು. ಜುಲೈ ೧೭ರಂದು ಮಸೂದೆಯನ್ನು ತಡೆಹಿಡಿಯಲಾಯಿತು. ನಾಲ್ಕು ದಶಕ ಕಾದಿದ್ದ ಬೇಡಿಕೆಯು ಎರಡೇ ದಿವಸಗಳಲ್ಲಿ ಕಪಾಟಿಗೆ ಸೇರಿತು!

ಮಸೂದೆಯು ದೋಷರಹಿತವಾಗಿತ್ತೆಂದು ನಾವು ವಾದಿಸುವುದಿಲ್ಲ. ಹರಿಯಾಣದ ಇಂಥದೇ ಕಾನೂನನ್ನು ಅಲ್ಲಿಯ ಉಚ್ಚ ನ್ಯಾಯಾಲಯವು ೨೦೨೩ರ ನವೆಂಬರಿನಲ್ಲಿ ರದ್ದುಪಡಿಸಿತ್ತು; ಆ ಪಾಠವನ್ನು ನಮ್ಮ ಕಾನೂನು ಪಂಡಿತರು ಓದಬೇಕಾಗಿತ್ತು. ಕುಶಲ ಕೆಲಸಗಾರರು ಸಿಗದೆಂಬ ಉದ್ಯಮಿಗಳ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ನಮ್ಮನ್ನು ನೋಯಿಸುವ ಸಂಗತಿ ಬೇರೆ. ಮಸೂದೆಯು ತಡೆಯಾದ ಆ ಎರಡು ದಿನಗಳಲ್ಲಿ ಕಲಬುರಗಿಯ ಇಲ್ಲವೆ ಚಾಮರಾಜನಗರದ ಐ.ಟಿ.ಐ. ಓದಿದ ತರುಣನ ಅಭಿಪ್ರಾಯವನ್ನು ಯಾರು ಕೇಳಿದರು? ಅವನಿಗೆ ಸಂಘವಿಲ್ಲ, ಉಪಸಮಿತಿಯಿಲ್ಲ, ಅಂಕಿ ಬರೆದುಕೊಡುವ ಗುಮಾಸ್ತನಿಲ್ಲ. ಧಣಿಗಳ ಧ್ವನಿ ಕೇಳಿದ್ದು ತಪ್ಪಲ್ಲ; ಅವರದೊಂದೇ ಧ್ವನಿ ಕೇಳಿದ್ದು ತಪ್ಪು.

ಕಾರ್ಮಿಕರ ವಿಷಯದಲ್ಲಿಯೂ ಹೀಗೆಯೇ ಆಯಿತು. ೨೦೨೩ರ ಫೆಬ್ರುವರಿಯಲ್ಲಿ ಕಾರ್ಖಾನೆಗಳ ಕಾಯಿದೆಗೆ ರಾಜ್ಯದ ವಿಧಾನಮಂಡಲವು ತಿದ್ದುಪಡಿಯನ್ನು ಅಂಗೀಕರಿಸಿತು. ವಾರಕ್ಕೆ ೪೮ ಗಂಟೆಗಳ ಮಿತಿಯೊಳಗೆ ದಿನಕ್ಕೆ ೧೨ ಗಂಟೆಗಳವರೆಗೆ ದುಡಿಸಲೂ, ಮೂರು ತಿಂಗಳಲ್ಲಿ ಹೆಚ್ಚುವರಿ ದುಡಿಮೆಯನ್ನು ೭೫ರಿಂದ ೧೪೪ ಗಂಟೆಗಳಿಗೆ ಏರಿಸಲೂ ಅದು ಅವಕಾಶ ಕೊಟ್ಟಿತು. ಕಾರ್ಮಿಕ ಸಂಘಗಳು ವಿರೋಧಿಸಿದವು. ದೊಡ್ಡ ವಿದೇಶೀ ಕಂಪನಿಗಳ ಒತ್ತಾಯವು ಇದರ ಹಿಂದೆ ಇತ್ತೆಂದು ಪತ್ರಿಕಾ ವರದಿಗಳು ಹೊರಬಂದವು. ೨೦೨೫ರ ನವೆಂಬರಿನಲ್ಲಿ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಕಾನೂನಿನ ರೂಪವು ಬದಲಾಗಿದೆ. ಆದರೆ ಮೂಲ ಪ್ರಶ್ನೆ ಬದಲಾಗಿಲ್ಲ. ಲಿಖಿತ ಸಮ್ಮತಿಯಿಂದಲೇ ದುಡಿಸತಕ್ಕದ್ದೆಂದು ತಿದ್ದುಪಡಿಯು ಹೇಳಿತ್ತು. ಮನೆಯಲ್ಲಿ ಒಲೆ ಉರಿಯಬೇಕಾದವನು ಧಣಿಯೆದುರು ಸಮ್ಮತಿಯಿಲ್ಲವೆಂದು ಬರೆದುಕೊಟ್ಟಾನೆಯೆ?

ಕೈಗಾರಿಕೆಗಾರರೆಲ್ಲರೂ ಒಂದೇ ಎಂದೂ ತಿಳಿಯಕೂಡದು. ದೊಡ್ಡ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಸಣ್ಣವನಿಗೆ ಹಣ ಬರುವುದು ತಿಂಗಳುಗಟ್ಟಲೆ ತಡವಾಗಿ. ೨೦೦೬ರ ಕಾಯಿದೆಯು ೪೫ ದಿನಗಳೊಳಗೆ ಹಣ ಪಾವತಿ ಮಾಡಬೇಕೆಂದೂ, ತಪ್ಪಿದರೆ ಬ್ಯಾಂಕು ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದೂ ವಿಧಿಸಿದೆ. ವ್ಯಾಜ್ಯ ತೀರಿಸುವ ಮಂಡಲಿಗಳನ್ನು ರಚಿಸುವುದು ರಾಜ್ಯ ಸರಕಾರದ ಹೊಣೆ. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರು ತಪ್ಪುವುದೆಂಬ ಭಯದಿಂದ ಸಣ್ಣವನು ಬಾಯಿ ಬಿಡುವುದಿಲ್ಲ. ಬಾಕಿ ಉಳಿಸಿಕೊಂಡ ದೊಡ್ಡವನೂ, ಬಾಕಿಗಾಗಿ ಕಾದಿರುವ ಸಣ್ಣವನೂ ಒಂದೇ ಸಂಸ್ಥೆಯ ಸದಸ್ಯರಾಗಿದ್ದರೆ ಸಂಸ್ಥೆಯ ಮನವಿಪತ್ರವು ಯಾರ ಮಾತನ್ನು ಬರೆದೀತು? ಸಣ್ಣವರಿಗೆ ತಮ್ಮದೇ ಸಂಘವು ಬೇಕಾದುದು ಇದಕ್ಕಾಗಿಯೇ.

ಹಾಗಾದರೆ ಮಾಡಬೇಕಾದುದೇನು? ಸರಕಾರದ ಮೇಲೆ ಪ್ರಭಾವ ಬೀರಲು ದುಡಿಯುವವರು ಹೆಸರು ನೋಂದಾಯಿಸಬೇಕು, ವೆಚ್ಚದ ಲೆಕ್ಕ ಕೊಡಬೇಕು ಎಂಬ ಕಾನೂನು ಅಮೆರಿಕದ ಕೇಂದ್ರ ಸರಕಾರದಲ್ಲಿ ೧೯೯೫ರಿಂದಲೂ ಇದೆ. ಕ್ಯಾಲಿಫೋರ್ನಿಯಾದ ಪ್ರಜೆಗಳು ೧೯೭೪ರಲ್ಲಿಯೇ ಮತ ಕೊಟ್ಟು ಇಂಥ ಕಾನೂನನ್ನು ಪಡೆದರು. ಅದರಿಂದ ಅಲ್ಲಿ ಹಣದ ಪ್ರಭಾವವೇನೂ ನಿಂತಿಲ್ಲ. ಆದರೆ ಯಾರು ಎಷ್ಟು ವೆಚ್ಚ ಮಾಡಿದರೆಂದು ಅಲ್ಲಿಯ ಪ್ರಜೆಯು ತಿಳಿಯಬಲ್ಲನು. ನಮ್ಮ ದೇಶದಲ್ಲಿ ೨೦೧೩ರಲ್ಲಿ ಲೋಕಸಭೆಯ ಸದಸ್ಯರೊಬ್ಬರು ಇಂಥ ಖಾಸಗಿ ಮಸೂದೆಯನ್ನು ತಂದರು, ಅದು ಕಾನೂನಾಗಲಿಲ್ಲ.

ಅಷ್ಟು ದೂರ ಹೋಗದೆಯೂ ನಮ್ಮ ಸರಕಾರವು ನಾಲ್ಕು ಕೆಲಸಗಳನ್ನು ಮಾಡಬಹುದು. ಒಂದು, ಆಯವ್ಯಯಕ್ಕೆ ಮೊದಲು ಬಂದ ಪ್ರತಿಯೊಂದು ಮನವಿಪತ್ರವನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಪ್ರಕಟಿಸತಕ್ಕದ್ದು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಡಿ ಅರ್ಜಿ ಹಾಕಿ ಕಾಯುವ ಶ್ರಮವನ್ನು ಪ್ರಜೆಗೆ ಏಕೆ ಕೊಡಬೇಕು? ಎರಡು, ಕಾರ್ಮಿಕರಿಗೆ ಸಂಬಂಧಪಟ್ಟ ಮಸೂದೆಯ ವಿಷಯದಲ್ಲಿ ಧಣಿಗಳನ್ನು ಕರೆದ ಮೇಜಿಗೇ ಕಾರ್ಮಿಕರನ್ನೂ ಕರೆಯತಕ್ಕದ್ದು. ಮೂರು, ಸಭೆಗಳೆಲ್ಲವೂ ಬೆಂಗಳೂರಿನಲ್ಲಿಯೇ ಆಗದೆ ಹುಬ್ಬಳ್ಳಿ, ಕಲಬುರಗಿ, ಮಂಗಳೂರುಗಳಲ್ಲಿಯೂ ನಡೆಯತಕ್ಕದ್ದು. ನಾಲ್ಕು, ಈ ಪತ್ರವ್ಯವಹಾರವು ಕನ್ನಡದಲ್ಲಿರತಕ್ಕದ್ದು. ಇಂಗ್ಲಿಷಿನ ಮನವಿಯನ್ನು ಸಚಿವಾಲಯವು ಓದಬಲ್ಲುದು, ಅದರ ಫಲವನ್ನು ಉಣ್ಣುವ ಜನ ಓದಲಾರರು.

ಸಂಘಗಳಿಗೂ ನಮ್ಮದೊಂದು ಬಿನ್ನಹವಿದೆ. ತಮ್ಮ ಬೇಡಿಕೆಯು ನ್ಯಾಯವಾದುದಾದರೆ ಅದನ್ನು ಬೀದಿಯ ಬೆಳಕಿನಲ್ಲಿ ಓದಲು ಅವರು ಹಿಂಜರಿಯಕೂಡದು. ಅಧಿಕಾರಿಗಳಿಗೂ ಒಂದು ಮಾತು: ನಿಮ್ಮ ಕೋಣೆಗೆ ನಡೆದು ಬಂದವನ ಕಷ್ಟ ನಿಜವಾಗಿರಬಹುದು, ಬರಲಾರದವನ ಕಷ್ಟವೂ ಅಷ್ಟೇ ನಿಜ. ರಂಗಾಚಾರ್ಲುರವರು ರೈತನನ್ನೂ ವರ್ತಕನನ್ನೂ ಒಂದೇ ಸಭೆಗೆ ಕರೆದು ಕೂರಿಸಿದರು. ಅಂದು ಅವರಿಗೆ ಅಹವಾಲು ಹೇಳುವ ಅವಕಾಶವಷ್ಟೇ ಇತ್ತು. ಇಂದು ಪ್ರಜೆಗಳೇ ಪ್ರಭುಗಳಾಗಿದ್ದಾರೆ. ಅವರಲ್ಲಿ ಕೆಲವರ ಬಾಯಿಗೆ ಮಾತ್ರ ಸರಕಾರದ ಕಿವಿ ಸಲ್ಲುವುದಾದರೆ, ಆ ಪ್ರಭುತ್ವಕ್ಕೆ ಅರ್ಥವೇನು?