ಲೆಕ್ಕದ ಪುಸ್ತಕ ಕಂಪ್ಯೂಟರಿಗೆ ಬಂದಾಗ

ಸಾಸಿವೆ ಡಬ್ಬಿಯ ಪಕ್ಕದಲ್ಲೊಂದು ನೂರು ಪುಟದ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಪೆನ್ಸಿಲ್ಲು. ಹಾಲಿನವನಿಗೆ ಕೊಟ್ಟಿದ್ದೆಷ್ಟು, ಚೀಟಿಗೆ ಕಟ್ಟಿದ್ದೆಷ್ಟು ಎಂದು ನಾವೆಲ್ಲ ಬರೆದಿಡುವುದು ಹೀಗೇ ಅಲ್ಲವೇ? ನಾನೂ ಇಪ್ಪತ್ತು ವರ್ಷ ಹೀಗೇ ಬರೆದವಳು. ಓದಿದ್ದು ಬರೀ ಎಸ್ಸೆಸ್ಸೆಲ್ಸಿ. "ಅಮ್ಮಾ, ಇದನ್ನೆಲ್ಲ ಸ್ಪ್ರೆಡ್‌ಶೀಟಿನಲ್ಲಿ ಬರಿಯಬಾರದಾ?" ಎಂದು ಮಗಳು ಕೇಳಿದಾಗ, "ಅದೆಲ್ಲ ಆಫೀಸಿನವರ ಕೆಲಸ ಕಣೇ" ಎಂದು ಒಗ್ಗರಣೆಯತ್ತ ತಿರುಗಿಬಿಟ್ಟಿದ್ದೆ. ಕಲಿತ ಮೇಲೆ ತಿಳಿಯಿತು, ಕೋಸಂಬರಿ ಮಾಡುವಷ್ಟೇ ಸುಲಭ!

ಇದು ಹುಟ್ಟಿದ್ದೂ ಬೇಸರದಿಂದಲೇ ಅನ್ನಿ. ಅಮೆರಿಕದ ಹಾರ್ವರ್ಡಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬಾತ, ಮೇಷ್ಟ್ರು ಕಪ್ಪುಹಲಗೆಯ ಮೇಲಿನ ಒಂದು ಅಂಕಿ ಬದಲಾದರೆ ಉಳಿದವನ್ನೂ ಅಳಿಸಿ ಬರೆಯುವುದನ್ನು ನೋಡಿದ. ತಾನೇ ತಿದ್ದಿಕೊಳ್ಳುವ ಹಲಗೆ ಇದ್ದರೆ ಎಷ್ಟು ಚೆನ್ನ ಎನ್ನಿಸಿತು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ 'ವಿಸಿಕ್ಯಾಲ್ಕ್' ಹೊರತಂದ. ಎಕ್ಸೆಲ್ ಬಂದದ್ದು 1985ರಲ್ಲಿ. ಈಗ ಗೂಗಲ್ ಶೀಟ್ಸ್ ಫೋನಿನಲ್ಲೂ ಪುಕ್ಕಟೆ ಸಿಗುತ್ತದೆ.

ಮೊದಲು ಹೆಸರುಗಳನ್ನು ತಿಳಿಯೋಣ. ತೆರೆದ ಕೂಡಲೇ ಕಾಣುವುದು ಚೌಕಳಿ ಚೌಕಳಿಯಾದ ಹಾಳೆ. ಅಡ್ಡ ಸಾಲಿಗೆ 'ರೋ' ಎನ್ನುತ್ತಾರೆ, ಅದಕ್ಕೆ 1, 2, 3 ಎಂದು ಅಂಕಿ. ಮೇಲಿನಿಂದ ಕೆಳಗಿಳಿಯುವ ಸಾಲು 'ಕಾಲಮ್', ಅದಕ್ಕೆ ಎ, ಬಿ, ಸಿ ಎಂದು ಅಕ್ಷರ. ಎರಡೂ ಕೂಡುವ ಒಂದೊಂದು ಮನೆಯೂ 'ಸೆಲ್'. ಸಿ ಕಾಲಮ್ಮಿನ 2ನೇ ಸಾಲಿನ ಮನೆಯ ವಿಳಾಸ ಸಿ2. ಚೌಕಾಬಾರ ಆಡಿದವರಿಗೆ ಇದೇನು ಕಷ್ಟ?

ಈಗ ತಿಂಗಳ ಖರ್ಚು ಬರೆಯಿರಿ. ಮೊದಲ ಸಾಲಿನಲ್ಲಿ ತಾರೀಖು, ಬಾಬತ್ತು, ಮೊತ್ತ ಎಂಬ ತಲೆಬರಹ. ಅದರ ಕೆಳಗೆ ಹಾಲು 1500, ತರಕಾರಿ 1200, ದಿನಸಿ 3800, ಗ್ಯಾಸ್ 950, ಕರೆಂಟು 650. ಮೊತ್ತಗಳು ಸಿ2ರಿಂದ ಸಿ6ರವರೆಗೆ ಕೂತವು. ಹೀಗೆ ಒತ್ತಾಗಿರುವ ಮನೆಗಳ ಗುಂಪೇ 'ರೇಂಜ್'. ಸಿ7ರಲ್ಲಿ =ಸಮ್(ಸಿ2:ಸಿ6) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿ, ಎಂಟರ್ ಒತ್ತಿ. 8100 ಬಂತೇ? ಅದೇ 'ಫಾರ್ಮುಲಾ'. ಮುಂದೆ = ಚಿಹ್ನೆ ಮರೆಯಬೇಡಿ, ಅದಿಲ್ಲದಿದ್ದರೆ ಬರೆದದ್ದು ಬರೆದ ಹಾಗೇ ಕೂತಿರುತ್ತದೆ. ತರಕಾರಿ 1400 ಎಂದು ತಿದ್ದಿ ನೋಡಿ, ಒಟ್ಟು ತಾನಾಗಿ 8300 ಆಗುತ್ತದೆ.

ಆದರೆ ಎಚ್ಚರ! ಕಳೆದ ವರ್ಷ ದಸರಾದಲ್ಲಿ ನಮ್ಮ ಬೀದಿಯ ಮಹಿಳಾ ಮಂಡಳಿಯ ಲೆಕ್ಕ ನನ್ನ ಕೈಲಿತ್ತು. ಹೊಸದಾಗಿ ಕಲಿತ ಹುರುಪಿನಲ್ಲಿ ಎಲ್ಲವನ್ನೂ ಶೀಟಿಗೆ ಹಾಕಿದೆ. ಹಬ್ಬ ಮುಗಿದ ಮೇಲೆ ಎಲ್ಲರ ಮುಂದೆ ಡಬ್ಬಿ ಎಣಿಸಿದರೆ, ಹಾಳೆಯಲ್ಲಿ ತೋರಿಸಿದ ಉಳಿಕೆಗಿಂತ 400 ರೂಪಾಯಿ ಕಡಿಮೆ! ಯಾರೂ ಏನೂ ಅನ್ನಲಿಲ್ಲ. ಹಿರಿಯರೊಬ್ಬರು ಮಾತ್ರ, "ಇರಲಿ ಬಿಡಮ್ಮಾ, ಮನೆಯಲ್ಲಿ ನಿಧಾನವಾಗಿ ನೋಡು" ಎಂದರು. ಆ 'ಇರಲಿ ಬಿಡು' ಇದೆಯಲ್ಲ, ಬೈದಿದ್ದರೇ ಮೇಲಿತ್ತು. ರಾತ್ರಿ ಊಟ ಸೇರಲಿಲ್ಲ. ಕೈಯಿಂದಲೇ ಹಾಕಿ ಮುಚ್ಚಿಬಿಡೋಣ ಎಂದೂ ಅನ್ನಿಸಿತು. ಹಾಗೆ ಮಾಡಿದ್ದರೆ ತಪ್ಪು ಒಪ್ಪಿಕೊಂಡ ಹಾಗೇ ಆಗುತ್ತಿತ್ತು.

ಹಳೇ ರಸೀದಿಗಳನ್ನು ಹರಡಿಕೊಂಡು ಒಂದೊಂದೇ ಸಾಲು ತಾಳೆ ನೋಡಿದೆ. ಎಲ್ಲಾ ಅಂಕಿಗಳೂ ಮನೆಯ ಬಲಗಡೆಗೆ ಒತ್ತಿಕೊಂಡಿದ್ದರೆ, ಒಂದು ಮಾತ್ರ ಎಡಗಡೆಗೆ ಕೂತಿತ್ತು. ಕುರ್ಚಿ ಬಾಡಿಗೆ. ನಾನಲ್ಲಿ '400' ಎನ್ನುವ ಬದಲು '400 ರೂ.' ಎಂದು ಬರೆದಿದ್ದೆ! ಅಕ್ಷರ ಸೇರಿತೆಂದರೆ ಅದು ಅಂಕಿಯಲ್ಲ, ಬರೀ ಮಾತು. ಕೂಡುವಾಗ ಸಮ್ ಅದನ್ನು ಬಿಟ್ಟುಬಿಡುತ್ತದೆ. ಖರ್ಚು ಕಡಿಮೆ ತೋರಿಸಿತು, ಉಳಿಕೆ ಹೆಚ್ಚಾಯಿತು. ಮರುದಿನ ಫೋನು ಹಿಡಿದು ಮನೆಮನೆಗೆ ಹೋಗಿ ತೋರಿಸಿ ಬಂದೆ. "ಅಯ್ಯೋ, ಇಷ್ಟೇನಾ! ನಮಗೂ ಕಲಿಸು" ಎಂದು ಆ ಹಿರಿಯರೇ ಮಣೆ ಹಾಕಿ ಕೂರಿಸಿದರು.

ನೀವೂ ಕಲಿಯುವುದಾದರೆ ಇವಿಷ್ಟು ನೆನಪಿರಲಿ:

• ಮೊತ್ತದ ಮನೆಯಲ್ಲಿ ಅಂಕಿ ಮಾತ್ರ ಬರೆಯಿರಿ. 'ರೂ.' ಎಂಬುದು ತಲೆಬರಹದಲ್ಲಿದ್ದರೆ ಸಾಕು.

• ಹೊಸ ಖರ್ಚು ಬಂದರೆ ನಡುವೆ ಒಂದು ಸಾಲು ಸೇರಿಸಿ ಬರೆಯಿರಿ. ಒಟ್ಟಿನ ಕೆಳಗೆ ಬರೆದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

• ಎಕ್ಸೆಲ್‌ನಲ್ಲಿ ಅಂಕಿಯ ಜಾಗದಲ್ಲಿ ##### ಕಂಡರೆ ಗಾಬರಿ ಬೇಡ. ಕಾಲಮ್ ಇಕ್ಕಟ್ಟಾಗಿದೆ, ಅಂಚನ್ನು ಎಳೆದು ಅಗಲ ಮಾಡಿ.

• ಅನುಕ್ರಮವಾಗಿ ಜೋಡಿಸುವುದಕ್ಕೆ 'ಸಾರ್ಟ್' ಎನ್ನುತ್ತಾರೆ. ಪೂರ್ತಿ ಪಟ್ಟಿಯನ್ನು ಆರಿಸಿಕೊಂಡೇ ಮಾಡಿ. ಒಂದೇ ಕಾಲಮ್ ಜೋಡಿಸಿದರೆ ಒಬ್ಬರ ಹಣ ಇನ್ನೊಬ್ಬರ ಹೆಸರಿಗೆ ಹೋದೀತು!

• ರಸೀದಿ ಎಸೆಯಬೇಡಿ.

ನನ್ನ ನೋಟ್‌ಬುಕ್ಕು ಇನ್ನೂ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇದೆ. ಹಗಲು ಅದರಲ್ಲಿ ಗೀಚಿ, ರಾತ್ರಿ ಪಾತ್ರೆ ತೊಳೆದ ಮೇಲೆ ಶೀಟಿಗೆ ಏರಿಸುತ್ತೇನೆ. ಹತ್ತು ನಿಮಿಷದ ಕೆಲಸ. ಈ ತಿಂಗಳ ಹಾಲಿನ ಲೆಕ್ಕದಿಂದಲೇ ನೀವೂ ಶುರು ಮಾಡಿ ನೋಡಿ.