ಬಣ್ಣವನ್ನು ನಂಬಬೇಡಿ, ಕಾಲುಗಳನ್ನು ಎಣಿಸಿ

ಹಳೆಯ ಚಿಟ್ಟೆ ಪೆಟ್ಟಿಗೆಯೊಂದು ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಯಾರೋ ಶ್ರಮಪಟ್ಟು ಸಂಗ್ರಹಿಸಿದ ಮಾದರಿಗಳು ಅದರಲ್ಲಿವೆ. ಆದರೆ ಹೆಸರಿನ ಚೀಟಿಗಳು ಉದುರಿಹೋಗಿವೆ. ಅವುಗಳಲ್ಲಿ ಸ್ವಾಲೋಟೇಲ್ ಚಿಟ್ಟೆಗಳು ಯಾವುವು? ಅವನ್ನು ಹೇಗೆ ಗುಂಪು ಮಾಡುವಿರಿ?

ಸ್ವಾಲೋಟೇಲ್ ಎಂದರೆ ಪ್ಯಾಪಿಲಿಯೊನಿಡೇ ಕುಟುಂಬದ ಚಿಟ್ಟೆಗಳು. ಹಲವು ಪ್ರಭೇದಗಳಲ್ಲಿ ಹಿಂರೆಕ್ಕೆಯ ತುದಿ ಬಾಲದಂತೆ ಚಾಚಿಕೊಂಡಿರುವುದರಿಂದ ಈ ಹೆಸರು ಬಂದಿದೆ. ಆದರೆ ಹೆಸರನ್ನು ನಂಬಿ ಬಾಲ ಹುಡುಕಲು ಹೊರಟರೆ ಮೋಸ ಹೋಗುತ್ತೀರಿ. ಇದೇ ಕುಟುಂಬದ ನಿಂಬೆ ಚಿಟ್ಟೆ, ಬ್ಲೂ ಮಾರ್ಮನ್, 14ರಿಂದ 19 ಸೆಂ.ಮೀ. ರೆಕ್ಕೆಹರವಿನ ಸದರ್ನ್ ಬರ್ಡ್‌ವಿಂಗ್ - ಇವುಗಳಿಗೆ ಬಾಲವೇ ಇಲ್ಲ!

ಕುಟುಂಬದ ಗುರುತು

ಮೊದಲು ಕಾಲುಗಳನ್ನು ಎಣಿಸಿ. ಸ್ವಾಲೋಟೇಲ್‌ಗಳಿಗೆ ಚೆನ್ನಾಗಿ ಬೆಳೆದ ಆರು ಕಾಲುಗಳಿವೆ. ನಿಂಫಾಲಿಡೇ ಕುಟುಂಬದ ಚಿಟ್ಟೆಗಳಲ್ಲಿ ಮುಂಗಾಲುಗಳು ಕುಗ್ಗಿ ಎದೆಗೆ ಅಂಟಿಕೊಂಡಿರುವುದರಿಂದ ನಾಲ್ಕೇ ಕಾಣುತ್ತವೆ. ಕಾಮನ್ ಮೈಮ್ ಎಂಬ ಸ್ವಾಲೋಟೇಲ್ ನಿಂಫಾಲಿಡೇ ಕುಟುಂಬದ ಕಾಮನ್ ಕ್ರೋ ಅಥವಾ ಬ್ಲೂ ಟೈಗರ್ ಚಿಟ್ಟೆಯ ವೇಷ ತೊಟ್ಟಿರುತ್ತದೆ. ಬಣ್ಣ ನೋಡಿದವರು ತಪ್ಪು ಗುಂಪಿಗೆ ಸೇರಿಸುತ್ತಾರೆ. ಕಾಲು ಎಣಿಸಿದವರು ತಪ್ಪುವುದಿಲ್ಲ.

ಬಿಳಿ-ಹಳದಿ ಚಿಟ್ಟೆಗಳ ಪಿಯರಿಡೇ ಕುಟುಂಬಕ್ಕೂ ಆರು ಕಾಲುಗಳುಂಟು. ಆಗ ಹಿಂರೆಕ್ಕೆಯ ಒಳ ಅಂಚಿನ ನಾಳಗಳನ್ನು ನೋಡಬೇಕು. ಪಿಯರಿಡೇಯಲ್ಲಿ ಅಲ್ಲಿ ಎರಡು ನಾಳ, ಸ್ವಾಲೋಟೇಲ್‌ನಲ್ಲಿ ಒಂದೇ. ನಾಳ ಕಾಣದಿದ್ದರೆ ರೆಕ್ಕೆಯ ಮೇಲೆ ಒಂದು ಹನಿ ಆಲ್ಕೊಹಾಲ್ ಹಾಕಿ. ಕ್ಷಣಕಾಲ ರೆಕ್ಕೆ ಪಾರಕವಾಗಿ ನಾಳಗಳು ಸ್ಪಷ್ಟವಾಗುತ್ತವೆ. ಎಣ್ಣೆ ತಾಗಿದ ಕಾಗದದ ಆಚೆಗೆ ಬೆಳಕು ಕಾಣುವುದಲ್ಲವೆ? ಇಲ್ಲಿಯೂ ಅದೇ ತತ್ತ್ವ. ಹುರುಪೆಗಳ ನಡುವಿನ ಗಾಳಿಯ ಜಾಗವನ್ನು ದ್ರವ ತುಂಬಿದಾಗ ವಕ್ರೀಭವನ ಸೂಚ್ಯಂಕದ ವ್ಯತ್ಯಾಸ ಕಡಿಮೆಯಾಗಿ ಬೆಳಕು ಚದುರುವುದು ತಗ್ಗುತ್ತದೆ. ದ್ರವ ಆರಿದ ಮೇಲೆ ಬಣ್ಣ ಮರಳುತ್ತದೆ.

ಮೂರು ಗುಂಪುಗಳು

ನಮ್ಮ ಕಡೆಯ ಸ್ವಾಲೋಟೇಲ್‌ಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಮೊದಲನೆಯದು ರೋಸ್ ಮತ್ತು ಬರ್ಡ್‌ವಿಂಗ್‌ಗಳ ಗುಂಪು. ಇವುಗಳ ಮರಿಹುಳುಗಳು ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ತಿನ್ನುತ್ತವೆ. ಎರಡನೆಯದು ಪ್ಯಾಪಿಲಿಯೊ. ಇದರ ಹಲವು ಪ್ರಭೇದಗಳಿಗೆ ನಿಂಬೆ, ಕರಿಬೇವು, ಬಿಲ್ವ ಆಹಾರ. ಮೂರನೆಯದು ಗ್ರಾಫಿಯಮ್. ಚೂಪು ರೆಕ್ಕೆಗಳ ಮೇಲೆ ಹಸಿರು ಅಥವಾ ನೀಲಿ ಕಿಟಕಿಗಳಂಥ ಮಚ್ಚೆಗಳಿರುವ ಟೇಲ್ಡ್ ಜೇ, ಬ್ಲೂಬಾಟಲ್ ಇದಕ್ಕೆ ಸೇರಿವೆ. ಟೇಲ್ಡ್ ಜೇ ಮರಿಗಳನ್ನು ಸೀತಾಫಲ, ಸಂಪಿಗೆ ಗಿಡಗಳಲ್ಲಿ ಹುಡುಕಿ.

ಒಂದೇ ಪ್ರಭೇದ, ಮೂರು ವೇಷ

ನಿಜವಾದ ಪರೀಕ್ಷೆ ಈಗ ಬರುತ್ತದೆ. ಪೆಟ್ಟಿಗೆಯಲ್ಲಿ ಕಪ್ಪು ರೆಕ್ಕೆ, ಕೆಂಪು ಮಚ್ಚೆಗಳ ಎರಡು ಚಿಟ್ಟೆಗಳು ಅಕ್ಕಪಕ್ಕದಲ್ಲಿವೆ. ಎರಡೂ ಕ್ರಿಮ್ಸನ್ ರೋಸ್ ಎಂದು ಬರೆಯುವ ಮುನ್ನ ದೇಹ ನೋಡಿ. ಕ್ರಿಮ್ಸನ್ ರೋಸ್‌ನ ತಲೆ, ಹೊಟ್ಟೆ ಕೆಂಪು. ದೇಹ ಕಪ್ಪಾಗಿದ್ದರೆ ಅದು ಕಾಮನ್ ಮಾರ್ಮನ್‌ನ ಹೆಣ್ಣು!

ಕಾಮನ್ ಮಾರ್ಮನ್‌ಗೆ ಮೂರು ಬಗೆಯ ಹೆಣ್ಣುಗಳಿವೆ. ಒಂದು ಗಂಡಿನಂತೆಯೇ ಇದೆ, ಇನ್ನೊಂದು ಕಾಮನ್ ರೋಸ್‌ನಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ. ರೋಸ್‌ಗಳು ಈಶ್ವರಿ ಬಳ್ಳಿಯ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ವಿಷವಿಲ್ಲದ ಮಾರ್ಮನ್ ಆ ವೇಷದ ಲಾಭ ಪಡೆಯುತ್ತದೆ. ಈ ಹೆಣ್ಣುಗಳನ್ನು ಹಿಂದೆ ಬೇರೆ ಬೇರೆ ಪ್ರಭೇದಗಳೆಂದೇ ತಿಳಿಯಲಾಗಿತ್ತು. ಅವು ಒಂದೇ ಪ್ರಭೇದದವೆಂದು ಆಲ್ಫ್ರೆಡ್ ರಸೆಲ್ ವ್ಯಾಲೆಸ್ 1865ರಲ್ಲಿ ವಿವರಿಸಿದ. ಈ ವೇಷಗಳ ಹಿಂದೆ 'ಡಬಲ್‌ಸೆಕ್ಸ್' ಎಂಬ ಒಂದೇ ಜೀನ್ ಇದೆಯೆಂದು 2014ರಲ್ಲಿ ಕೃಷ್ಣಮೇಘ್ ಕುಂಟೆ ಮತ್ತು ಸಂಗಡಿಗರು ತೋರಿಸಿದರು. ಕುಂಟೆಯವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿ.

ಚೀಟಿಯೇ ಪ್ರಾಣ

ಹೆಸರನ್ನು ಮತ್ತೆ ಕಂಡುಹಿಡಿಯಬಹುದು. ಆದರೆ ಚಿಟ್ಟೆ ಸಿಕ್ಕ ಊರು, ದಿನಾಂಕಗಳನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸಲಾರದು. ಭೌತಶಾಸ್ತ್ರದ ತರಗತಿಯಲ್ಲಿ ಬರಿಯ '5' ಎಂದು ಉತ್ತರ ಬರೆದವರಿಗೆ ನಾನು ಅಂಕ ಕೊಡುವುದಿಲ್ಲ; 5 ಮೀಟರೋ, 5 ಕಿಲೋಗ್ರಾಮೋ? ಚೀಟಿ ಇಲ್ಲದ ಮಾದರಿಯೂ ಮಾನವಿಲ್ಲದ ಅಳತೆಯಂತೆಯೇ.

ಒಂದು ಉದಾಹರಣೆ ನೋಡಿ. ದಕ್ಷಿಣ ಭಾರತದ ಬ್ಲೂಬಾಟಲ್ ಅನ್ನು ಬಹುಕಾಲ ಗ್ರಾಫಿಯಮ್ ಸಾರ್ಪೆಡಾನ್ ಎಂದು ಕರೆಯುತ್ತಿದ್ದರು. ಈಗ ಅದನ್ನು ಗ್ರಾಫಿಯಮ್ ಟೆರೆಡಾನ್ ಎಂಬ ಪ್ರತ್ಯೇಕ ಪ್ರಭೇದವೆಂದು ಗಣಿಸಲಾಗುತ್ತದೆ. ಊರಿನ ಹೆಸರಿರುವ ಹಳೆಯ ಮಾದರಿಗೆ ಹೊಸ ಹೆಸರು ಕೊಡುವುದು ಸುಲಭ. ಊರೇ ಗೊತ್ತಿಲ್ಲದಿದ್ದರೆ?

'ಮೈಸೂರು ಜಿಲ್ಲೆ' ಎಂದಷ್ಟೇ ಬರೆದರೂ ಸಾಲದು. ಎಚ್.ಡಿ. ಕೋಟೆಯ ಕಾಡಂಚೂ ಕೆ.ಆರ್. ನಗರದ ನಾಲೆ ಬಯಲೂ ಒಂದೇ ಜಿಲ್ಲೆಯಲ್ಲಿವೆ. ತಾಲ್ಲೂಕೂ ಸ್ಥಿರವಲ್ಲ. ಈಚಿನ ವರ್ಷಗಳಲ್ಲಿ ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆಯಾದವು. ಆದ್ದರಿಂದ ಗ್ರಾಮ, ಅಕ್ಷಾಂಶ-ರೇಖಾಂಶ, ದಿನಾಂಕ, ಸಂಗ್ರಹಿಸಿದವರ ಹೆಸರು - ಇಷ್ಟನ್ನೂ ಬರೆದು, ಚೀಟಿಯನ್ನು ಮಾದರಿಯ ಸೂಜಿಗೇ ಚುಚ್ಚಿ.

ಹೊಸದಾಗಿ ಚಿಟ್ಟೆ ಹಿಡಿಯಬೇಕಾಗಿಲ್ಲ. ನಾಗರಹೊಳೆ ರಾಷ್ಟ್ರೀಯ ಉದ್ಯಾನದಲ್ಲಂತೂ ಅನುಮತಿಯಿಲ್ಲದೆ ಹಿಡಿಯುವುದು ಅಪರಾಧ. ನಿಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಒಂದು ಮರಿಹುಳುವನ್ನು ಹುಡುಕಿ, ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಕವಲು ನಾಲಗೆಯಂಥ ಅಂಗವನ್ನು ಹೊರಚಾಚಿ ವಾಸನೆ ಬೀರಿದರೆ ಅದು ಸ್ವಾಲೋಟೇಲ್ ಮರಿ. ದಿನಾಂಕ, ಊರು ಬರೆದಿಟ್ಟುಕೊಳ್ಳಿ. ನಿಮ್ಮ ಸಂಗ್ರಹದ ಮೊದಲ ದಾಖಲೆ ಸಿದ್ಧವಾಯಿತು.