ತೋಟದ ಜೀಪು, ಅದರ ಹಿಂದಿನ ಟ್ರೈಲರ್

ಬಿಸಿಲೆ, ಹೆತ್ತೂರು, ವಣಗೂರು, ಯಸಳೂರು ಸುತ್ತಿನ ಕಾಫಿ ಮತ್ತು ಏಲಕ್ಕಿ ತೋಟಗಳಲ್ಲಿ ಜಮೀನಿನ ಜೊತೆಗೇ ಮಕ್ಕಳ ಕೈಗೆ ಬರುವ ವಾಹನವೆಂದರೆ ಜೀಪು. ಕೆಲವು ಮನೆಗಳಲ್ಲಿ ಅದರ ಹಿಂದೆ ಕಟ್ಟುವ ಎರಡು ಚಕ್ರದ ಸಣ್ಣ ಟ್ರೈಲರೂ ಉಳಿದಿರುತ್ತದೆ. ಅಜ್ಜ ಕೊಂಡು ತಂದು, ಅಪ್ಪ ಓಡಿಸಿ, ಕೊನೆಗೆ ಶೆಡ್ಡಿನ ಮೂಲೆ ಸೇರಿದ ಇಂಥ ಗಾಡಿಗಳನ್ನು ಮತ್ತೆ ರಸ್ತೆಗಿಳಿಸುವ ಕೆಲಸ ಸಕಲೇಶಪುರ, ಆಲೂರು ಕಡೆಯ ಗ್ಯಾರೇಜುಗಳಿಗೆ ಹೊಸತಲ್ಲ. ಗುಜರಿಗೆ ಹಾಕಿದರೆ ಕೆಲವು ಸಾವಿರ ರೂಪಾಯಿಗೆ ಹೋಗುವ ಕಬ್ಬಿಣ ಅದು. ಅದೇ ಕಬ್ಬಿಣವನ್ನು ತಾಳ್ಮೆಯಿಂದ ಸರಿಮಾಡಿದರೆ ಇನ್ನೂ ಒಂದು ತಲೆಮಾರು ದುಡಿಯುತ್ತದೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ವಿಲ್ಲೀಸ್‌ನದು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯೂ. ಎರಡಕ್ಕೂ 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ. ಜೊತೆಗೆ ಕಾಲು ಟನ್ನಿನ ಟ್ರೈಲರೂ ಬಂತು. ಹೊಳೆ ದಾಟುವಾಗ ನೀರಿನಲ್ಲಿ ತೇಲಲಿ ಎಂದು ಅದರ ತೊಟ್ಟಿಯನ್ನು ನೀರು ಒಸರದಂತೆ ಬೆಸೆದಿದ್ದರು. ಒಳಗೆ ನಿಂತ ನೀರು ಹರಿದುಹೋಗಲು ತಳದಲ್ಲಿ ಬಿರಡೆ ಹಾಕಿದ ತೂತುಗಳಿದ್ದವು. ಅದರ ಚಕ್ರ, ಟೈರು ಜೀಪಿನವೇ. ಹಾಗಾಗಿ ಒಂದೇ ಸ್ಟೆಪ್ನಿ ಎರಡಕ್ಕೂ ಸಾಕಾಗುತ್ತಿತ್ತು.

ಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಗಾಡಿಗಳು ಭಾರತದಲ್ಲಿ ಖಾಸಗಿಯವರ ಕೈಸೇರಿದವು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕಾಗಿ ಶುರುವಾಗಿ, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರು ಪಡೆದ ಕಂಪನಿ ವಿಲ್ಲೀಸ್ ಜೀಪುಗಳ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಕ್ರಮೇಣ ಬಿಡಿಭಾಗಗಳನ್ನೂ ಇಲ್ಲಿಯೇ ತಯಾರಿಸಿತು. ಮಲೆನಾಡಿನಲ್ಲಿ ಇಂದು ಉಳಿದಿರುವ ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಹೆಚ್ಚಿನವು ಸಿಜೆ-3ಬಿ ಮಾದರಿಯವು. ಬಾನೆಟ್ ಎತ್ತರವಾಗಿರುವುದೇ ಅದರ ಗುರುತು. ಯುದ್ಧಕಾಲದ ಎಂಜಿನ್ನಿನಲ್ಲಿ ಎರಡು ಬಗೆಯ ವಾಲ್ವುಗಳೂ ಬ್ಲಾಕಿನ ಪಕ್ಕದಲ್ಲಿದ್ದವು. ಸಿಜೆ-3ಬಿಯಲ್ಲಿ ಗಾಳಿ ಎಳೆಯುವ ವಾಲ್ವು ಹೆಡ್ಡಿನ ಮೇಲಕ್ಕೆ ಹೋಯಿತು, ಹೊಗೆ ಬಿಡುವ ವಾಲ್ವು ಮಾತ್ರ ಬ್ಲಾಕಿನಲ್ಲೇ ಉಳಿಯಿತು. ಎಂಜಿನ್ ಎತ್ತರವಾಯಿತು, ಬಾನೆಟ್ ಅದರ ಜೊತೆ ಏರಿತು, ಶಕ್ತಿಯೂ 70 ಅಶ್ವಶಕ್ತಿಯ ಆಚೆಗೆ ಹೋಯಿತು. ಪೆಟ್ರೋಲು ದುಬಾರಿಯಾದಾಗ ಎಷ್ಟೋ ತೋಟಗಾರರು ಇದೇ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಆ ಬದಲಾವಣೆ ದಾಖಲೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದು ಈಗ ರಿಪೇರಿಗೆ ಇಳಿಯುವವರನ್ನು ಕಾಡುವ ಪ್ರಶ್ನೆ.

ಈ ಸೀಮೆಗೆ ಜೀಪು ಇಷ್ಟು ಹೊಂದಿಕೊಂಡದ್ದಕ್ಕೆ ನೆಲವೇ ಕಾರಣ. ಬಿಸಿಲೆ ಘಾಟಿ ಸಕಲೇಶಪುರ ತಾಲ್ಲೂಕನ್ನು ಕುಕ್ಕೆ ಸುಬ್ರಹ್ಮಣ್ಯಕ್ಕೆ ಸೇರಿಸುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಯ ಮೂಲಕ ಕಾವೇರಿಗೆ, ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಯ ಮೂಲಕ ನೇತ್ರಾವತಿಗೆ ಹೋಗುವ ದಿಣ್ಣೆಯ ಮೇಲಿನ ಊರುಗಳು ಇವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ದಾರಿ ಕೆಸರಿನ ಕಾಲುವೆಯಾಗುತ್ತದೆ. ಎತ್ತಿನ ಗಾಡಿ ಹೂತುಹೋಗುವ ಕಡೆ ಫೋರ್ ವೀಲ್ ಹಾಕಿದ ಜೀಪು ಗೊಬ್ಬರದ ಮೂಟೆ, ಕಾಫಿ ಚೀಲ, ಕೆಲಸದವರು, ಹೆರಿಗೆಗೆ ಹೊರಟವರು, ಎಲ್ಲರನ್ನೂ ಹೊತ್ತು ದಾಟಿತು. ವಣಗೂರಿನ ಕಡೆಯಿಂದ ಪಟ್ಲ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸುವುದೂ ಈಗ ಜೀಪುಗಳೇ. ಆದರೆ ಈ ಸೀಮೆಯ ಮಳೆಯೇ ಅವುಗಳನ್ನು ಒಳಗಿಂದ ತಿಂದಿದೆ. ಇಲ್ಲಿ ಹಳೆಯ ಜೀಪು ಸರಿಮಾಡುವುದೆಂದರೆ ಮುಕ್ಕಾಲು ಪಾಲು ನೀರು ಮಾಡಿದ ಹಾನಿಯನ್ನು ಹುಡುಕಿ ತೆಗೆಯುವುದು.

ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿ ಯಾವುದೆಂದು ಗುರುತಿಸಬೇಕು. ಯುದ್ಧಕಾಲದ ಜೀಪಿನ ಮುಂಭಾಗದ ಜಾಲರಿಯಲ್ಲಿ ಒಂಬತ್ತು ಸೀಳುಗಳಿರುತ್ತವೆ, ಆಮೇಲೆ ಬಂದ ಸಿಜೆಗಳಲ್ಲಿ ಏಳು. ಫೋರ್ಡ್ ತಯಾರಿಸಿದ ಗಾಡಿಯಲ್ಲಿ ಬೋಲ್ಟಿನ ತಲೆ, ಬಿಡಿಭಾಗಗಳ ಮೇಲೆಲ್ಲ ‘ಎಫ್’ ಅಕ್ಷರದ ಅಚ್ಚು ಕಾಣಿಸುತ್ತದೆ. ಆದರೆ ಎಂಬತ್ತು ವರ್ಷ ಓಡಿದ ಗಾಡಿಯಲ್ಲಿ ಒಂದರ ಬಾಡಿ ಇನ್ನೊಂದರ ಚಾಸಿಯ ಮೇಲೆ ಕೂತಿರುವುದು ಸಾಮಾನ್ಯ. ಆದ್ದರಿಂದ ಜಾಲರಿಗಿಂತ ಚಾಸಿಯ ಸಂಖ್ಯೆ, ಎಂಜಿನ್ ಬ್ಲಾಕಿನ ಸಂಖ್ಯೆಗಳೇ ನಂಬಿಗಸ್ತ ಸಾಕ್ಷಿ. ಅವನ್ನು ಮೃದುವಾದ ಬ್ರಶ್ಶು, ಸೀಮೆಎಣ್ಣೆಯಿಂದ ತೊಳೆದು ಓದಿ, ಆರ್.ಸಿ. ಪುಸ್ತಕದ ಜೊತೆ ತಾಳೆ ನೋಡಬೇಕು. ಗ್ರೈಂಡರ್ ಆ ಜಾಗದ ಹತ್ತಿರವೂ ಸುಳಿಯಬಾರದು. ಒಮ್ಮೆ ಸವೆದುಹೋದ ಸಂಖ್ಯೆಯಿಂದ ಗಾಡಿ ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಎಷ್ಟು ಖರ್ಚು ಮಾಡಿದರೂ ಅದು ಮರಳುವುದಿಲ್ಲ.

ತುಕ್ಕು ಕಣ್ಣಿಗೆ ಬೀಳುವ ಜಾಗದಲ್ಲಿ ಹೆಚ್ಚಿರುವುದಿಲ್ಲ. ಬಾನೆಟ್ಟು, ಮಡ್‌ಗಾರ್ಡು ಗಟ್ಟಿಯಾಗಿರುವಂತೆ ತೋರಿದರೂ ಸೀಟಿನ ಕೆಳಗೆ, ಟೂಲ್ ಬಾಕ್ಸಿನ ಒಳಗೆ, ನೆಲದ ತಗಡಿಗೆ ಅಡಿಯಿಂದ ಆಸರೆ ಕೊಡುವ ಪಟ್ಟಿಗಳ ಒಳಗೆ ಕಬ್ಬಿಣ ಹಪ್ಪಳದಂತಾಗಿರುತ್ತದೆ. ಯುದ್ಧಕಾಲದ ಜೀಪುಗಳಲ್ಲಿ ಆ ಪಟ್ಟಿಗಳ ಒಳಗೆ ಮರದ ತುಂಡು ತುಂಬಿದ್ದರು. ಮರ ನೀರು ಹೀರಿ ಹಿಡಿದಿಟ್ಟುಕೊಂಡು ಸುತ್ತಲಿನ ತಗಡನ್ನು ಕೊಳೆಸಿತು. ಚಾಸಿಯಲ್ಲಾದರೆ ಸ್ಪ್ರಿಂಗ್ ಕಚ್ಚಿಕೊಳ್ಳುವ ಬ್ರ್ಯಾಕೆಟ್, ಅಡ್ಡ ಕಂಬಿ ಸೇರುವ ಮೂಲೆ, ಟ್ರೈಲರ್ ಎಳೆಯುವ ಕೊಕ್ಕೆಯ ಬುಡ, ಈ ಮೂರನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಬೇಕು. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಧಪ್ಪೆನ್ನುತ್ತದೆ. ಬಿರುಕನ್ನು ಹುಡುಕಲು ಜಿಡ್ಡು ತೊಳೆದು ಹಗಲು ಬೆಳಕಿನಲ್ಲಿ ನೋಡುವುದಕ್ಕಿಂತ ಬೇರೆ ಉಪಾಯ ಬೇಕಿಲ್ಲ.

ಬಿಚ್ಚುವ ಕೆಲಸ ಸುಲಭ, ಬಿಚ್ಚಿದ್ದನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಪ್ರತಿ ಹಂತದಲ್ಲೂ ಫೋಟೊ ತೆಗೆದು, ಬೋಲ್ಟುಗಳನ್ನು ಆಯಾ ಭಾಗದ ಹೆಸರು ಬರೆದ ಡಬ್ಬಿಯಲ್ಲಿ ಹಾಕಿಡದ ಗಾಡಿಗಳೇ ಅರ್ಧಕ್ಕೆ ನಿಂತು, ಬಿಚ್ಚಿದ ರಾಶಿಯಾಗಿಯೇ ಮಾರಾಟವಾಗುವುದು. ಜೀಪಿನ ಬಾಡಿ ಚಾಸಿಗೆ ಕೆಲವೇ ಬೋಲ್ಟುಗಳಲ್ಲಿ ಕೂತಿರುವುದರಿಂದ ನಾಲ್ಕಾರು ಜನ ಸೇರಿದರೆ ಕೈಯಲ್ಲೇ ಎತ್ತಿ ಪಕ್ಕಕ್ಕಿಡಬಹುದು. ಆಮೇಲೆ ಚಾಸಿಯ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಎರಡೂ ಕಡೆ ಅಳತೆ ಒಂದೇ ಇದೆಯೇ ನೋಡಬೇಕು. ಚರಂಡಿಗೆ ಬಿದ್ದೋ ಮರದ ದಿಮ್ಮಿ ಎಳೆದೋ ಸೊಟ್ಟಗಾದ ಚಾಸಿಯ ಮೇಲೆ ಎಷ್ಟು ಒಳ್ಳೆಯ ಬಾಡಿ ಕೂರಿಸಿದರೂ ಗಾಡಿ ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ.

ಟಿಂಕರಿಂಗ್‌ನಲ್ಲಿ ಎರಡು ದಾರಿಗಳಿವೆ: ಹೊಸ ಬಾಡಿಯನ್ನೇ ತರಿಸಿ ಕೂರಿಸುವುದು, ಇಲ್ಲವೇ ಕೊಳೆತಷ್ಟನ್ನು ಕತ್ತರಿಸಿ ಅದೇ ದಪ್ಪದ ತಗಡು ಬೆಸೆಯುವುದು. ಮೊದಲನೆಯದು ಬೇಗ ಮುಗಿಯುತ್ತದೆ. ಆದರೂ ಮನೆಯಿಂದ ಬಂದ ಗಾಡಿಗೆ ಎರಡನೆಯದೇ ಸರಿ. ಅಜ್ಜನ ಕಾಲದಲ್ಲಿ ಲೇತ್‌ನಲ್ಲಿ ಮಾಡಿಸಿದ ಕೊಕ್ಕೆ, ಚೀಲ ಜಾರದಿರಲೆಂದು ಬೆಸೆದ ಕಂಬಿ, ಟಾರ್ಪಾಲಿನ್ ಹುಡ್ಡಿಗೆಂದು ಮಾಡಿಸಿದ ಪೈಪು ಇವೆಲ್ಲ ಕಾರ್ಖಾನೆಯಿಂದ ಬಂದದ್ದಲ್ಲ ಎಂಬ ಕಾರಣಕ್ಕೆ ಕಿತ್ತೆಸೆದರೆ ಆ ತೋಟ ಆ ಗಾಡಿಯಿಂದ ಏನು ಕೆಲಸ ತೆಗೆದಿತ್ತು ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಭದ್ರತೆಗೆ ಅಡ್ಡಿಯಾಗದವು ಇರಲಿ. ತೂತಿನ ಮೇಲೆ ತಗಡು ಇಟ್ಟು ಪುಟ್ಟಿ ಮೆತ್ತುವುದನ್ನು ಮಾತ್ರ ಒಪ್ಪಬಾರದು. ಎರಡು ತಗಡಿನ ನಡುವೆ ನೀರು ಸೇರಿ ಎರಡು ಮಳೆಗಾಲದೊಳಗೆ ಪುಟ್ಟಿ ಉಬ್ಬುತ್ತದೆ. ತುಕ್ಕು ಪೂರ್ತಿ ಕೆರೆದ ದಿನವೇ ಪ್ರೈಮರ್ ಬೀಳಬೇಕು. ಘಾಟಿಯ ತೇವದಲ್ಲಿ ಬರಿಯ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಬಣ್ಣದ ಕೆಲಸವನ್ನು ಜನವರಿಯಿಂದ ಮಾರ್ಚಿಯ ಒಳಗೆ ಮುಗಿಸಿಕೊಳ್ಳುವುದು ಜಾಣತನ.

ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿದ್ದರೆ ಗಾಡಿಯನ್ನು ಎಳೆಸಿ ಸ್ಟಾರ್ಟ್ ಮಾಡುವ ಆತುರ ಕೂಡದು. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಹ್ಯಾಂಡಲ್ಲಿನಿಂದ ಹಿಂದೆ ಮುಂದೆ ಅಲುಗಿಸಬೇಕು. ಬಲವಂತ ಮಾಡಿದರೆ ಪಿಸ್ಟನ್ ರಿಂಗ್ ಮುರಿದು ಬೋರಿಗೆ ಗೀರು ಬೀಳುತ್ತದೆ. ತಿರುಗತೊಡಗಿದ ಮೇಲೆ ಕಂಪ್ರೆಷನ್ ಅಳೆದು, ನಾಲ್ಕೂ ಸಿಲಿಂಡರುಗಳಲ್ಲಿ ಹೆಚ್ಚು ಏರುಪೇರಿದ್ದರಷ್ಟೇ ಬಿಚ್ಚುವುದು ಒಳ್ಳೆಯದು. ಪೆಟ್ರೋಲ್ ಟ್ಯಾಂಕಿನ ತಳದ ತುಕ್ಕು ಕಾರ್ಬುರೇಟರಿನ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಟ್ಯಾಂಕು ತೊಳೆಯದೆ ಕಾರ್ಬುರೇಟರ್ ತೊಳೆದು ಪ್ರಯೋಜನವಿಲ್ಲ. ಇಲಿ ಕಡಿದ ವೈರಿಂಗನ್ನು ತುಂಡು ಕಟ್ಟುವ ಬದಲು ಪೂರ್ತಿ ಹೊಸದಾಗಿ ಎಳೆಸುವುದೇ ಕ್ಷೇಮ.

ಗೇರ್‌ಬಾಕ್ಸು, ಅದರ ಹಿಂದಿನ ಫೋರ್ ವೀಲ್ ಬಾಕ್ಸು, ಆಕ್ಸಲ್‌ಗಳ ಎರಡು ಹೌಸಿಂಗು, ಇವುಗಳ ಆಯಿಲ್ ಬಸಿದಾಗ ಹಾಲಿನ ಬಣ್ಣ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಹಳ್ಳ ದಾಟುವ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ. ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲಿನ ಸಂದಿನಿಂದ ನೀರನ್ನು ಒಳಗೆಳೆಯುತ್ತದೆ. ಮೇಲಿರುವ ಉಸಿರುತೂತು ಮಣ್ಣಿನಿಂದ ಮುಚ್ಚಿದ್ದರೆ ಎಳೆತ ಇನ್ನೂ ಜೋರು. ಮುಂದಿನ ಚಕ್ರ ತಿರುಗುವ ಗುಂಡಿನ ಭಾಗದಲ್ಲಿರುವ ಫೆಲ್ಟ್ ಮತ್ತು ರಬ್ಬರ್ ಸೀಲುಗಳು ಕೆಲವೇ ನೂರು ರೂಪಾಯಿಯ ಸಾಮಾನು, ಆದರೆ ಅವು ಸೋತರೆ ಒಳಗಿನ ಜಾಯಿಂಟ್, ಬೇರಿಂಗ್ ಎರಡೂ ಹಾಳು. ಮೂರು ಗೇರಿನ ಈ ಗಾಡಿಗಳಲ್ಲಿ ಮೊದಲ ಗೇರಿಗೆ ಸಿಂಕ್ರೋ ಇಲ್ಲ. ಪೂರ್ತಿ ನಿಲ್ಲಿಸದೆ ಫಸ್ಟ್‌ಗೆ ಹಾಕಿದರೆ ಕರಕರ ಸದ್ದು ಬರುವುದು ದೋಷವಲ್ಲ, ಚಾಲಕ ರೂಢಿಸಿಕೊಳ್ಳಬೇಕಾದ ಸಂಗತಿ.

ಬ್ರೇಕಿನ ವಿಷಯದಲ್ಲಿ ಮಾತ್ರ ಹಳೆಯದನ್ನು ಉಳಿಸುವ ಮೋಹ ಸಲ್ಲದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಪೈಪನ್ನೂ ಸಿಲಿಂಡರನ್ನೂ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಆದ್ದರಿಂದ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸು, ಪೈಪು ಎಲ್ಲವೂ ಹೊಸದಾಗಲಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಗಾಡಿ ಹಳ್ಳ ದಾಟಿದ ಮೇಲೆ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ಪೆಡಲನ್ನು ಮೆಲ್ಲಗೆ ಒತ್ತಿಕೊಂಡು ಓಡಿಸಿ ಡ್ರಮ್ ಒಣಗಿಸಿದ ನಂತರವೇ ಇಳಿಜಾರಿಗೆ ಇಳಿಯಬೇಕು.

ಟ್ರೈಲರ್ ನೋಡಲು ಸರಳ, ಎಂಜಿನ್ ಇಲ್ಲ, ಗೇರಿಲ್ಲ. ಅದಕ್ಕೇ ಅದರ ಕಡೆ ಗಮನ ಕಡಿಮೆ. ಮೊದಲು ನೋಡಬೇಕಾದ್ದು ತಳದ ಬಿರಡೆಯ ತೂತು. ಅದು ಕಸ, ಗೊಬ್ಬರದಿಂದ ಮುಚ್ಚಿಹೋಗಿ ಹೊರಗೆ ನಿಲ್ಲಿಸಿದ ಟ್ರೈಲರ್ ಪ್ರತಿ ಮಳೆಗಾಲವೂ ಬಾನಿಯಾಗಿ ತುಂಬಿರುತ್ತದೆ. ರಸಗೊಬ್ಬರದ ಉಪ್ಪು ನೀರಿಗೆ ಸೇರಿದರೆ ತಗಡು ಇನ್ನೂ ಬೇಗ ತೂತಾಗುತ್ತದೆ. ಎರಡನೆಯದು ಎಳೆಯುವ ಬಳೆ ಮತ್ತು ಜೀಪಿನ ಕೊಕ್ಕೆ. ಉಜ್ಜಿ ಉಜ್ಜಿ ಬಳೆಯ ಒಂದು ಬದಿ ತೆಳ್ಳಗಾಗಿದ್ದರೆ ಅದರ ಮೇಲೆ ವೆಲ್ಡಿಂಗ್ ತುಂಬಿಸುವ ಬದಲು ಹೊಸ ಬಳೆಯೇ ಬೇಕು. ಅದರ ಪಕ್ಕದಲ್ಲಿ ಎರಡು ಸುರಕ್ಷತಾ ಸರಪಳಿಗಳೂ ಇರಬೇಕು. ಚಕ್ರದ ಬೇರಿಂಗುಗಳನ್ನು ತೊಳೆದು ಹೊಸ ಗ್ರೀಸ್ ತುಂಬಿ, ಸ್ಪ್ರಿಂಗ್ ಪ್ಲೇಟು, ಶ್ಯಾಕಲ್, ಬುಷ್ ನೋಡಿದರೆ ಓಡುವ ಭಾಗದ ಕೆಲಸ ಮುಗಿದಂತೆ.

ಈ ಟ್ರೈಲರಿಗೆ ಇರುವುದು ನಿಲ್ಲಿಸಿದಾಗ ಹಾಕುವ ಹ್ಯಾಂಡ್ ಬ್ರೇಕ್ ಮಾತ್ರ. ಜೀಪಿನ ಪೆಡಲು ಒತ್ತಿದಾಗ ಅದು ನಿಲ್ಲುವುದಿಲ್ಲ, ಬದಲಿಗೆ ಹಿಂದಿನಿಂದ ತಳ್ಳುತ್ತದೆ. ಬಿಸಿಲೆಯಂಥ ಘಾಟಿಯಲ್ಲಿ ಇಳಿಯುವಾಗ ಭಾರ ಹಿಡಿಯಬೇಕಾದ್ದು ಬ್ರೇಕಲ್ಲ, ಕಡಿಮೆ ಗೇರು. ಹೊರೆ ಹೇರುವುದಕ್ಕೂ ಕ್ರಮವಿದೆ. ಭಾರ ಆಕ್ಸಲಿಗಿಂತ ಸ್ವಲ್ಪ ಮುಂದಿದ್ದರೆ ಬಳೆ ಕೊಕ್ಕೆಯ ಮೇಲೆ ಒತ್ತಿಕೊಂಡು ಕೂರುತ್ತದೆ. ಹಿಂದಕ್ಕೆ ವಾಲಿದರೆ ಟ್ರೈಲರ್ ಬಾಲ ಬೀಸತೊಡಗಿ ಜೀಪಿನ ಹಿಂಭಾಗವನ್ನೇ ಎತ್ತುತ್ತದೆ. ಅಂಥ ಹೊತ್ತಿನಲ್ಲಿ ಒಂದೇ ಟನ್ನಿನಷ್ಟು ತೂಗುವ ಜೀಪು ಅದನ್ನು ಹಿಡಿತಕ್ಕೆ ತರಲಾರದು.

ಸಾಮಾನು ಸಿಗುವುದಿಲ್ಲ ಎಂಬ ಹೆದರಿಕೆ ಬೇಡ. ಸಿಜೆ-3ಬಿಯ ಎಷ್ಟೋ ಭಾಗಗಳು ಮುಂದಿನ ಮಹೀಂದ್ರ ಮಾದರಿಗಳಲ್ಲೂ ಉಳಿದುಕೊಂಡು ಬಂದವು. ಬುಷ್, ಪಿನ್ನುಗಳನ್ನು ಊರಿನ ಲೇತ್‌ನಲ್ಲೇ ಕಡೆಸಬಹುದು.

ಕಾಗದದ ಕೆಲಸ ಕಬ್ಬಿಣದ ಕೆಲಸದಷ್ಟೇ ಮುಖ್ಯ, ಮತ್ತು ಅದಕ್ಕಿಂತ ಮೊದಲೇ ಶುರುವಾಗಬೇಕು. ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕೆಂಬುದು ನಿಯಮ. ಸಕಲೇಶಪುರದ ಕಚೇರಿಯ ಗುರುತು ಕೆಎ-46, ಹಾಸನದ್ದು ಕೆಎ-13. ಅಜ್ಜನ ಹೆಸರಿನಲ್ಲೇ ದಶಕಗಳ ಕಾಲ ಉಳಿದ ಗಾಡಿಗೆ ಮರಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಕೂಡಿಸಿಕೊಳ್ಳುವುದರಲ್ಲೇ ಬಹಳ ಸಮಯ ಹೋಗುತ್ತದೆ. ಖಾಸಗಿ ವಾಹನದ ಮೊದಲ ನೋಂದಣಿಯ ಆಯುಷ್ಯ 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಟ್ರೈಲರ್ ಜೀಪಿನ ಭಾಗವಲ್ಲ, ಕಾನೂನಿನ ಕಣ್ಣಿಗೆ ಅದೂ ಒಂದು ವಾಹನ. ರಸ್ತೆಯ ಮೇಲೆ ಎಳೆಯಬೇಕಾದರೆ ಅದಕ್ಕೆ ತನ್ನದೇ ನೋಂದಣಿ ಸಂಖ್ಯೆ ಬೇಕು.

ಮೊದಲ ನೋಂದಣಿಯಾಗಿ 50 ವರ್ಷ ಕಳೆದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ವಿಂಟೇಜ್ ನಿಯಮಗಳ ದಾರಿಯೂ ಇದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಗುರುತಿನ ನಂತರ ‘ವಿಎ’ ಅಕ್ಷರಗಳು ಬರುತ್ತವೆ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ಷರತ್ತಿರುವುದರಿಂದ ಡೀಸೆಲ್ ಎಂಜಿನ್ ಕೂರಿಸಿದ ಜೀಪಿಗೆ ಈ ದಾರಿ ತೆರೆಯುವುದು ಕಷ್ಟ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಸಂದರ್ಭಗಳಲ್ಲಷ್ಟೇ ರಸ್ತೆಗೆ ತರಬಹುದು; ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಕೊಯ್ಲಿನ ಕಾಲದಲ್ಲಿ ಕಾಫಿ ಚೀಲ ಹೊತ್ತು ಹೆತ್ತೂರಿಗೋ ಸಕಲೇಶಪುರಕ್ಕೋ ಹೋಗಬೇಕಾದ ಜೀಪಿಗೆ, ಅದರ ಟ್ರೈಲರಿಗೆ, ಸಾಮಾನ್ಯ ನವೀಕರಣವೇ ಸರಿಯಾದ ದಾರಿ.